ಕೊರಳೊಳಗಿನ ಹರಿವಿಗೆ ಕಿವಿಗೊಟ್ಟು

ಬೆಳಗಿನ ಜಾವದ ಕತ್ತಲೆ ಇನ್ನೂ ಹರಿದಿಲ್ಲ. ಮಾರಿಕುಪ್ಪಂ ನಿಲ್ದಾಣದಲ್ಲಿ ಬೆಂಗಳೂರಿಗೆ ಹೋಗುವ ರೈಲು ಸಿದ್ಧವಾಗಿ ನಿಂತಿದೆ. ಬುತ್ತಿಯ ಡಬ್ಬಿಗಳನ್ನು ಹಿಡಿದ ಗಂಡಸರೂ ಹೆಂಗಸರೂ ಸಾಲುಸಾಲಾಗಿ ಬಂದು ಗಾಡಿಯನ್ನೇರುತ್ತಿದ್ದಾರೆ. ದೂರದಲ್ಲಿ, ಜನರು ‘ಸೈನೈಡ್ ದಿಬ್ಬ’ಗಳೆಂದು ಕರೆಯುವ ಗಣಿಮಣ್ಣಿನ ಗುಡ್ಡಗಳು ಮಸಕು ಮಸಕಾಗಿ ಕಾಣುತ್ತಿವೆ. ೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಕೋಲಾರ ಚಿನ್ನದ ಗಣಿಗಳು ಮುಚ್ಚಿದವು. ಆ ಬಳಿಕ ಅಲ್ಲಿಯ ಸಾವಿರಾರು ಸಂಸಾರಗಳ ಅನ್ನಕ್ಕೆ ದಾರಿಯಾದುದು ಈ ರೈಲು ಹಳಿಯೇ.

ಈ ಪ್ರಯಾಣಿಕರ ನಡುವೆ ಒಬ್ಬ ಹಿರಿಯನನ್ನು ಕಲ್ಪಿಸಿಕೊಳ್ಳಿ. ಪ್ರಾಯದಲ್ಲಿ ಅವನು ಗಣಿಯ ಆಳಕ್ಕಿಳಿದು ದುಡಿದವನು. ಗಣಿ ಮುಚ್ಚಿದಾಗ ನಲವತ್ತರ ಆಸುಪಾಸು; ಈಗ ಅರವತ್ತು ದಾಟಿದೆ. ಬೆಂಗಳೂರಿನಲ್ಲಿ ಯಾವುದೋ ಕಟ್ಟಡದ ಕಾವಲು ಕೆಲಸ. ಈ ದಿನ ಬೆಳಗ್ಗೆ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಬಲಗೈಯ ಲೋಟ ತಾನಾಗಿಯೇ ಜಾರಿ ಬಿತ್ತು. ಹೆಂಡತಿ ಏನಾಯಿತೆಂದು ಕೇಳಿದರೆ ಉತ್ತರಿಸಲು ನಾಲಗೆ ಹೊರಳಲಿಲ್ಲ. ಹತ್ತು ನಿಮಿಷ ಕಳೆಯುವುದರೊಳಗೆ ಕೈಗೆ ಬಲ ಬಂದಿತು, ಮಾತೂ ಮರಳಿತು. “ನಿದ್ದೆ ಸಾಲದೆ ಹಾಗಾಗಿರಬೇಕು” ಎಂದಳು ಅವಳು. “ಹೌದು, ರೈಲಿಗೆ ಹೊತ್ತಾಯಿತು” ಎಂದು ಅವನು ಹೊರಟೇಬಿಟ್ಟ. ರಜೆ ಹಾಕಿದರೆ ಒಂದು ದಿನದ ಸಂಬಳ ಹೋಗುತ್ತದೆ.

ಇಂತಹ ಹಿರಿಯರು ಚಿನ್ನದ ಗಣಿಯಲ್ಲಿಯೂ ಇದ್ದಾರೆ, ಬಂಗಾರಪೇಟೆಯಲ್ಲಿಯೂ ಇದ್ದಾರೆ, ನಾಡಿನ ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಬಂದುದು ಹೋಯಿತೆಂದು ಅವರು ಮರೆತುಬಿಡುವ ಆ ಹತ್ತು ನಿಮಿಷಗಳು ವೈದ್ಯರ ದೃಷ್ಟಿಯಲ್ಲಿ ಬಹು ಬೆಲೆಯುಳ್ಳವು.

ಬಂದು ಹೋಗುವ ಎಚ್ಚರಿಕೆ

ಮಿದುಳಿನ ಒಂದು ಭಾಗಕ್ಕೆ ರಕ್ತ ತಲುಪದೆ ಹೋದಾಗ ಆ ಭಾಗದ ಆಳ್ವಿಕೆಯಲ್ಲಿರುವ ಅಂಗ ಸೋಲುತ್ತದೆ. ಇದನ್ನೇ ನಮ್ಮ ಜನ ಲಕ್ವ ಹೊಡೆಯಿತೆನ್ನುವುದು. ಗ್ರಂಥಗಳಲ್ಲಿ ಇದರ ಹೆಸರು ಪಾರ್ಶ್ವವಾಯು. ಕೆಲವೊಮ್ಮೆ ರಕ್ತನಾಳಕ್ಕೆ ಅಡ್ಡಬಂದ ಸಣ್ಣ ಹೆಪ್ಪು ತಾನಾಗಿಯೇ ಕರಗಿ ದಾರಿ ಬಿಡುತ್ತದೆ. ಆಗ ಸೋತ ಕೈ ಚೇತರಿಸಿಕೊಳ್ಳುತ್ತದೆ, ತೊದಲಿದ ಮಾತು ಸರಿಹೋಗುತ್ತದೆ. ಒಂದು ಕಣ್ಣಿಗೆ ಪರದೆ ಇಳಿದಂತೆ ಕತ್ತಲು ಕವಿದು, ಕೆಲವೇ ನಿಮಿಷಗಳಲ್ಲಿ ಬಿಡುವುದೂ ಉಂಟು. ನೋವಿಲ್ಲ, ಜ್ವರವಿಲ್ಲ, ಗಾಯವಿಲ್ಲ. ಆದುದರಿಂದಲೇ ಇದನ್ನು ಯಾರೂ ರೋಗವೆಂದು ಎಣಿಸುವುದಿಲ್ಲ.

ಆದರೆ ಹೀಗೆ ಬಂದು ಹೋದ ದೌರ್ಬಲ್ಯದ ಬೆನ್ನಿಗೇ ನಿಜವಾದ ಲಕ್ವ ಬರುವ ಸಂಭವವುಂಟು. ಆ ಅಪಾಯ ಮೊದಲ ಎರಡು ದಿನಗಳಲ್ಲಿ ಎಲ್ಲಕ್ಕಿಂತ ಹೆಚ್ಚು. ಎಂದರೆ, ಎಚ್ಚರಿಕೆ ಬಂದುದಕ್ಕೂ ಅನಾಹುತ ಆಗುವುದಕ್ಕೂ ನಡುವೆ ದೊರೆಯುವ ಬಿಡುವು ಬಹಳ ಸ್ವಲ್ಪ. ಆ ಬಿಡುವಿನಲ್ಲಿ ವೈದ್ಯರು ಮಾಡಿಸುವ ಪರೀಕ್ಷೆಗಳಲ್ಲಿ ಒಂದು, ಕುತ್ತಿಗೆಯ ಧಮನಿಗಳಲ್ಲಿ ರಕ್ತ ಹೇಗೆ ಹರಿಯುತ್ತಿದೆ ಎಂಬುದನ್ನು ಕಿವಿಗೆ ಕೇಳಿಸದ ಶಬ್ದದಿಂದ ಅಳೆಯುವುದು. ಆಸ್ಪತ್ರೆಗಳಲ್ಲಿ ಇದಕ್ಕೆ ‘ಕ್ಯಾರೋಟಿಡ್ ಡಾಪ್ಲರ್’ ಎನ್ನುತ್ತಾರೆ.

ಕೊರಳಿನ ಕವಲುದಾರಿ

ಮನುಷ್ಯನ ಮಿದುಳಿನ ತೂಕ ದೇಹದ ತೂಕದಲ್ಲಿ ಶೇಕಡಾ ೨ರಷ್ಟು ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಅದೊಂದೇ ಬಳಸುತ್ತದೆ. ಈ ದುಬಾರಿ ಅಂಗಕ್ಕೆ ನಾಲ್ಕು ಧಮನಿಗಳು ರಕ್ತವನ್ನು ಒಯ್ಯುತ್ತವೆ. ಎರಡು ಬೆನ್ನೆಲುಬಿನ ಮಣಿಗಳ ಮೂಲಕ ಹಿಂದಿನಿಂದ ಏರುತ್ತವೆ. ಉಳಿದೆರಡು, ಗಂಟಲಿನ ಎಡಬಲಗಳಲ್ಲಿ ಮುಂದಿನಿಂದ ಏರುವ ಕ್ಯಾರೋಟಿಡ್ ಧಮನಿಗಳು. ಗಂಟಲ ಮಣಿಯ ಪಕ್ಕಕ್ಕೆ ಬೆರಳಿಟ್ಟರೆ ಇವುಗಳ ಮಿಡಿತ ಸ್ಪಷ್ಟವಾಗಿ ತಿಳಿಯುತ್ತದೆ. ಇವನ್ನು ಅದುಮಿದರೆ ಮನುಷ್ಯನಿಗೆ ಜೋಂಪು ಹತ್ತುತ್ತದೆಂದು ಪ್ರಾಚೀನ ಗ್ರೀಕರು ಕಂಡುಕೊಂಡಿದ್ದರು. ‘ಕ್ಯಾರೋಟಿಡ್’ ಎಂಬ ಹೆಸರು ಜೋಂಪನ್ನು ಸೂಚಿಸುವ ಗ್ರೀಕ್ ಮಾತಿನಿಂದಲೇ ಬಂದಿದೆ. ಅದನ್ನು ಯಾರೂ ಪ್ರಯೋಗ ಮಾಡಿ ನೋಡಬಾರದು.

ಗಂಟಲ ಮಣಿಯ ಮೇಲಂಚಿನ ಮಟ್ಟದಲ್ಲಿ ಪ್ರತಿಯೊಂದು ಕ್ಯಾರೋಟಿಡ್ ಧಮನಿಯೂ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಮುಖಕ್ಕೂ ನೆತ್ತಿಗೂ ಹೋಗುತ್ತದೆ. ಇನ್ನೊಂದು ಕಪಾಲದೊಳಗೆ ನುಗ್ಗಿ ಮಿದುಳಿಗೂ ಕಣ್ಣಿಗೂ ರಕ್ತವನ್ನೊಪ್ಪಿಸುತ್ತದೆ. ನದಿ ಕವಲಾಗುವೆಡೆ ಸುಳಿ ಹುಟ್ಟುವಂತೆ ಇಲ್ಲಿಯೂ ರಕ್ತ ಸುಳಿಯುತ್ತದೆ. ನದಿಯ ತಿರುವಿನಲ್ಲಿ ಹೂಳು ತುಂಬುವಂತೆ ಇಲ್ಲಿಯೇ ಧಮನಿಯ ಗೋಡೆಯಲ್ಲಿ ಕೊಬ್ಬೂ ಸುಣ್ಣದ ಅಂಶವೂ ಸೇರಿ ಗಟ್ಟಿಯಾಗುತ್ತವೆ. ರಕ್ತದ ಒತ್ತಡ, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ಮುಪ್ಪು ಇವೆಲ್ಲವೂ ಆ ಹೂಳನ್ನು ಬೆಳೆಸುತ್ತವೆ. ಅದರಿಂದ ಚೂರೊಂದು ಕಿತ್ತು, ಅಥವಾ ಅದರ ಮೇಲೆ ಕಟ್ಟಿದ ಹೆಪ್ಪು ಕಳಚಿ ಮೇಲೆ ತೇಲಿತೆಂದರೆ ಮಿದುಳಿನ ಯಾವುದೋ ನಾಳಕ್ಕೆ ಬಿರಡೆ ಬಿದ್ದಂತೆಯೇ.

ಮಿದುಳಿನ ಎಡಭಾಗ ದೇಹದ ಬಲಭಾಗವನ್ನು ಆಳುತ್ತದೆ. ಆದುದರಿಂದ ನಮ್ಮ ಹಿರಿಯನ ಬಲಗೈ ಸೋತು ಮಾತು ನಿಂತಿತೆಂದರೆ, ವೈದ್ಯರು ಮೊದಲು ಅನುಮಾನಿಸುವುದು ಕೊರಳಿನ ಎಡಗಡೆಯ ಧಮನಿಯನ್ನು. ಹೀಗೆ ಕೈಯ ದೋಷಕ್ಕೆ ಕುತ್ತಿಗೆಯಲ್ಲಿ ಕಾರಣವಿರಬಹುದೆಂಬುದನ್ನು ೧೯೫೧ರಲ್ಲಿ ಸ್ಪಷ್ಟವಾಗಿ ತೋರಿಸಿಕೊಟ್ಟವನು ಕೆನಡಾ ದೇಶದ ಮಿಲ್ಲರ್ ಫಿಷರ್ ಎಂಬ ವೈದ್ಯ.

ಬಂಗಾರಪೇಟೆಯ ಸಿಳ್ಳು

ಹರಿಯುವ ರಕ್ತವನ್ನು ಚರ್ಮ ಕೊಯ್ಯದೆ ಅಳೆಯುವುದು ಹೇಗೆ? ಇದಕ್ಕೆ ಉತ್ತರವನ್ನು ಬಂಗಾರಪೇಟೆಯ ಜಂಕ್ಷನ್ನಿನಲ್ಲಿ ನಿಂತೇ ಕೇಳಬಹುದು. ಮೈಸೂರು ಸಂಸ್ಥಾನದ ಕಮೀಷನರಾಗಿದ್ದ ಬೌರಿಂಗನ ಹೆಸರಿನಿಂದ ಈ ಊರು ಹಿಂದೆ ಬೌರಿಂಗ್‌ಪೇಟೆ ಎನಿಸಿಕೊಂಡಿತ್ತು. ಇಲ್ಲಿಂದ ಚಿನ್ನದ ಗಣಿಗೆ ಹತ್ತು ಮೈಲಿಯ ಕವಲು ಹಳಿ ೧೮೯೪ರಲ್ಲಿ ತೆರೆಯಿತು. ಮದರಾಸಿನ ದೊಡ್ಡ ಹಳಿಯ ಮೇಲೆ ನಿಲ್ಲದೆ ಓಡುವ ರೈಲೊಂದು ಸಿಳ್ಳು ಹಾಕುತ್ತ ಬರುವಾಗ ಪ್ಲಾಟ್‌ಫಾರಂ ಮೇಲೆ ನಿಂತು ಗಮನವಿಟ್ಟು ಆಲಿಸಿ. ಹತ್ತಿರ ಬರುತ್ತಿರುವ ತನಕ ಸಿಳ್ಳಿನ ಶ್ರುತಿ ಏರಿದಂತೆ ಕೇಳುತ್ತದೆ. ಎಂಜಿನು ನಮ್ಮನ್ನು ದಾಟಿದ ಕ್ಷಣವೇ ಅದು ಇಳಿದುಬಿಡುತ್ತದೆ. ಸಿಳ್ಳು ಬದಲಾಗಲಿಲ್ಲ. ರೈಲು ಹತ್ತಿರ ಬರುವಾಗ ಶಬ್ದದ ಅಲೆಗಳು ಒತ್ತೊತ್ತಾಗಿ ಕಿವಿಗೆ ಬಡಿದವು, ದೂರ ಸರಿಯುವಾಗ ವಿರಳವಾದವು, ಅಷ್ಟೆ. ಶ್ರುತಿ ಎಷ್ಟು ಏರಿಳಿಯಿತೆಂಬುದನ್ನು ಅಳೆದರೆ ರೈಲಿನ ವೇಗವನ್ನೇ ಲೆಕ್ಕಹಾಕಬಹುದು.

ಈ ತತ್ತ್ವವನ್ನು ೧೮೪೨ರಲ್ಲಿ ಪ್ರಾಗ್ ನಗರದಲ್ಲಿ ವಿದ್ವಾಂಸರ ಮುಂದೆ ಮಂಡಿಸಿದವನು ಆಸ್ಟ್ರಿಯ ದೇಶದ ಕ್ರಿಶ್ಚಿಯನ್ ಡಾಪ್ಲರ್. ಅವನ ಚಿಂತನೆ ಜೋಡಿ ನಕ್ಷತ್ರಗಳ ಬಣ್ಣವನ್ನು ಕುರಿತದ್ದು. ಮೂರು ವರ್ಷಗಳ ಅನಂತರ, ೧೮೪೫ರಲ್ಲಿ, ಹಾಲೆಂಡಿನ ಬೈಸ್ ಬ್ಯಾಲಟ್ ಎಂಬ ವಿಜ್ಞಾನಿ ಇದನ್ನು ಪರೀಕ್ಷಿಸಲು ಹೂಡಿದ ಪ್ರಯೋಗ ಸ್ವಾರಸ್ಯವಾದುದು. ಯೂಟ್ರೆಕ್ಟ್ ಬಳಿಯ ಹಳಿಯ ಮೇಲೆ ಎಂಜಿನು ಎಳೆಯುವ ಗಾಡಿಯಲ್ಲಿ ಕಹಳೆ ಊದುವವರನ್ನು ಕೂರಿಸಿದನು. ಹಳಿಯ ಪಕ್ಕದಲ್ಲಿ ಸಂಗೀತಜ್ಞಾನವುಳ್ಳವರನ್ನು ನಿಲ್ಲಿಸಿದನು. ಗಾಡಿ ಹತ್ತಿರ ಬಂದಾಗ ಸ್ವರ ಏರಿತು, ದಾಟಿದಾಗ ಇಳಿಯಿತು. ಡಾಪ್ಲರನ ಮಾತು ನಿಜವೆಂದು ರುಜುವಾತಾಯಿತು.

ರೈಲಿನ ಸಿಳ್ಳನ್ನು ರಕ್ತನಾಳದೊಳಕ್ಕೆ ತಂದವರು ಜಪಾನಿನವರು. ಒಸಾಕದ ಶಿಗೆಯೊ ಸಾಟೊಮುರ ೧೯೫೦ರ ದಶಕದ ಉತ್ತರಾರ್ಧದಲ್ಲಿ ಶ್ರವಣಾತೀತ ಶಬ್ದವನ್ನು ಎದೆಯೊಳಕ್ಕೆ ಕಳುಹಿಸಿ ಹೃದಯದ ಚಲನೆಯನ್ನು ಹಿಡಿದನು. ಬಳಿಕ ನರರೋಗಗಳ ವೈದ್ಯ ಜಿರೊ ಕಾನೆಕೊ ಜೊತೆಗೂಡಿ ರಕ್ತನಾಳಗಳ ಹರಿವನ್ನೂ ಆಲಿಸಿದನು. ೧೯೭೦ರ ದಶಕದಲ್ಲಿ ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ ನಾಳದ ಚಿತ್ರವನ್ನೂ ಹರಿವಿನ ವೇಗವನ್ನೂ ಒಂದೇ ಯಂತ್ರದಲ್ಲಿ ಕೂಡಿಸಿತು. ಇಂದು ಆಸ್ಪತ್ರೆಗಳಲ್ಲಿರುವ ಯಂತ್ರಗಳು ಅದರ ಸಂತತಿಯೇ.

ಹಾಸಿಗೆಯ ಮೇಲೆ ಅರ್ಧ ಗಂಟೆ

ಪರೀಕ್ಷೆಗೆ ಹೋಗುವವರು ಉಪವಾಸವಿರಬೇಕಾಗಿಲ್ಲ. ಸೂಜಿಯಿಲ್ಲ, ಔಷಧವಿಲ್ಲ, ಕ್ಷಕಿರಣವೂ ಇಲ್ಲ. ರೋಗಿಯನ್ನು ಮಂಚದ ಮೇಲೆ ಅಂಗಾತ ಮಲಗಿಸಿ, ಗದ್ದವನ್ನು ತುಸು ಮೇಲಕ್ಕೆತ್ತಿ, ಮುಖವನ್ನು ಒಂದು ಪಕ್ಕಕ್ಕೆ ತಿರುಗಿಸಲು ಹೇಳುತ್ತಾರೆ. ಕೊರಳಿಗೆ ತಣ್ಣನೆಯ ಜೆಲ್ಲಿಯನ್ನು ಸವರುತ್ತಾರೆ. ಚರ್ಮಕ್ಕೂ ಉಪಕರಣಕ್ಕೂ ನಡುವೆ ಗಾಳಿ ಉಳಿದರೆ ಶಬ್ದ ಒಳಹೊಗಲಾರದು. ಅದಕ್ಕಾಗಿ ಈ ಲೇಪ. ಬಳಿಕ ಅಂಗೈಯಲ್ಲಿ ಹಿಡಿಯಬಹುದಾದ ಪ್ರೋಬನ್ನು ಕೊರಳಿನ ಬುಡದಿಂದ ದವಡೆಯವರೆಗೆ ಮೆಲ್ಲನೆ ಸರಿಸುತ್ತಾರೆ. ಎರಡೂ ಪಕ್ಕ ಸೇರಿ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಕೆಲಸ ಮುಗಿಯುತ್ತದೆ.

ಮನುಷ್ಯನ ಕಿವಿ ಸೆಕೆಂಡಿಗೆ ೨೦,೦೦೦ ಕಂಪನಗಳಿಗಿಂತ ಹೆಚ್ಚಿನ ಶಬ್ದವನ್ನು ಕೇಳಲಾರದು. ಈ ಪ್ರೋಬು ಹೊರಡಿಸುವ ಶಬ್ದದಲ್ಲಿ ಸೆಕೆಂಡಿಗೆ ಹಲವು ದಶಲಕ್ಷ ಕಂಪನಗಳು. ದೇಹದೊಳಗೆ ಸೆಕೆಂಡಿಗೆ ಸುಮಾರು ೧,೫೪೦ ಮೀಟರ್ ವೇಗದಲ್ಲಿ ಸಾಗಿ, ಓಡುತ್ತಿರುವ ಕೆಂಪು ರಕ್ತಕಣಗಳಿಗೆ ತಾಗಿ ಅದು ಹಿಂದಿರುಗುತ್ತದೆ. ಹೋದ ಶಬ್ದಕ್ಕೂ ಬಂದ ಶಬ್ದಕ್ಕೂ ಇರುವ ಶ್ರುತಿಯ ಅಂತರದಿಂದ ರಕ್ತದ ವೇಗವನ್ನು ಯಂತ್ರ ಲೆಕ್ಕಹಾಕುತ್ತದೆ. ಉದಾಹರಣೆಗೆ, ಐವತ್ತು ಲಕ್ಷ ಕಂಪನಗಳ ಶಬ್ದ ೬೦ ಡಿಗ್ರಿ ಓರೆಯಲ್ಲಿ ಹೊಕ್ಕು, ಸೆಕೆಂಡಿಗೆ ಒಂದು ಮೀಟರ್ ವೇಗದ ರಕ್ತಕ್ಕೆ ತಾಗಿ ಬಂದರೆ, ಅಂತರ ಸುಮಾರು ೩,೨೦೦ ಕಂಪನಗಳಾಗುತ್ತದೆ. ಸೋಜಿಗವೆಂದರೆ, ಇದು ಮನುಷ್ಯನ ಕಿವಿಗೆ ಕೇಳಿಸುವ ಶ್ರುತಿ! ಆದುದರಿಂದಲೇ ಆ ಅಂತರವನ್ನು ಧ್ವನಿಯಾಗಿ ಕೇಳಿಸುವುದು ಸಾಧ್ಯವಾಗಿದೆ. ಕೋಣೆಯಲ್ಲಿ ‘ಹುಶ್... ಹುಶ್...’ ಎಂದು ಗಾಳಿ ಬೀಸಿದಂತೆ ಕೇಳುವ ಸದ್ದು ರೋಗಿಯ ಸ್ವಂತ ರಕ್ತದ ಓಟದ್ದೇ.

ತೆರೆಯ ಮೇಲೆ ಕೆಂಪು, ನೀಲಿ ಬಣ್ಣಗಳು ಮೂಡುತ್ತವೆ. ಕೆಂಪೆಂದರೆ ಒಳ್ಳೆಯ ರಕ್ತ, ನೀಲಿಯೆಂದರೆ ಕೆಟ್ಟ ರಕ್ತ ಎಂದು ಭಾವಿಸಿ ಗಾಬರಿಯಾಗುವವರುಂಟು. ಆ ಬಣ್ಣಗಳು ಹೇಳುವುದು ದಿಕ್ಕನ್ನು ಮಾತ್ರ: ಒಂದು ಬಣ್ಣ ಪ್ರೋಬಿನ ಕಡೆಗೆ ಬರುವ ಹರಿವು, ಇನ್ನೊಂದು ದೂರ ಸರಿಯುವ ಹರಿವು. ಎರಡು ಕವಲುಗಳಲ್ಲಿ ಯಾವುದು ಮುಖಕ್ಕೆ ಹೋಗುವುದು, ಯಾವುದು ಮಿದುಳಿಗೆ ಹೋಗುವುದು ಎಂಬ ಸಂಶಯ ಬಂದಾಗ ಪರೀಕ್ಷಕರು ರೋಗಿಯ ಕಿವಿಯ ಮುಂದಿನ ನಾಡಿಯನ್ನು ಬೆರಳಿನಿಂದ ಮೆಲ್ಲನೆ ತಟ್ಟುತ್ತಾರೆ. ಮುಖದ ಕವಲಾದರೆ ಆ ತಟ್ಟುವಿಕೆ ತೆರೆಯ ಮೇಲೆ ಸಣ್ಣ ಹಲ್ಲುಗಳಂತೆ ಮೂಡುತ್ತದೆ. ಇಷ್ಟು ದೊಡ್ಡ ಯಂತ್ರಕ್ಕೂ ಬೆರಳಿನ ನೆರವು ಬೇಕು!

ಇಕ್ಕಟ್ಟಾದಷ್ಟೂ ಓಟ

ತೋಟಕ್ಕೆ ನೀರು ಬಿಡುವ ಕೊಳವೆಯ ಬಾಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿದರೆ ನೀರು ರಭಸದಿಂದ ಚಿಮ್ಮುತ್ತದೆ. ಧಮನಿಯೂ ಹಾಗೆಯೇ. ಹೂಳು ಕಟ್ಟಿ ದಾರಿ ಇಕ್ಕಟ್ಟಾದೆಡೆ ರಕ್ತದ ವೇಗ ಏರುತ್ತದೆ. ಮಿದುಳಿಗೆ ಹೋಗುವ ಕವಲಿನಲ್ಲಿ ಹೃದಯ ಒತ್ತಿದಾಗಿನ ವೇಗ ಸೆಕೆಂಡಿಗೆ ೧೨೫ ಸೆಂಟಿಮೀಟರನ್ನು ಮೀರಿದರೆ ದಾರಿ ಅರ್ಧದಷ್ಟಾದರೂ ಮುಚ್ಚಿರಬಹುದೆಂದೂ, ೨೩೦ ಸೆಂಟಿಮೀಟರನ್ನು ಮೀರಿದರೆ ಶೇಕಡಾ ೭೦ಕ್ಕೂ ಹೆಚ್ಚು ಮುಚ್ಚಿರಬಹುದೆಂದೂ ೨೦೦೩ರಲ್ಲಿ ತಜ್ಞರ ಮಂಡಲಿಯೊಂದು ಗೊತ್ತುಮಾಡಿದ ಅಳತೆ ಬಳಕೆಗೆ ಬಂದಿದೆ. ದಾರಿ ಇನ್ನೇನು ಪೂರ್ತಿ ಮುಚ್ಚುವಂತಾದಾಗ ಮಾತ್ರ ಹರಿವು ಸೊರಗಿ ವೇಗ ಇಳಿಯುತ್ತದೆ. ಅಂಕಿಯನ್ನಷ್ಟೇ ನಂಬಿದವರು ಅಲ್ಲಿ ಮೋಸಹೋಗುತ್ತಾರೆ. ಚಿತ್ರವನ್ನೂ ಕೂಡಿಸಿ ನೋಡುವ ಪಳಗಿದ ಕಣ್ಣು ಬೇಕು.

ಶೇಕಡಾ ೭೦ ಎಂಬ ಗೆರೆಗೆ ಇಷ್ಟು ಮಹತ್ವವೇಕೆ? ೧೯೯೧ರಲ್ಲಿ ಉತ್ತರ ಅಮೆರಿಕದಲ್ಲಿ ನಡೆದ ದೊಡ್ಡ ಅಧ್ಯಯನವೊಂದರ ಫಲಿತಾಂಶ ಹೊರಬಿತ್ತು. ಎಚ್ಚರಿಕೆಯ ಲಕ್ಷಣಗಳು ಕಂಡಿದ್ದು, ಧಮನಿ ಶೇಕಡಾ ೭೦ರಿಂದ ೯೯ರಷ್ಟು ಕಿರಿದಾದವರಲ್ಲಿ ಬರಿಯ ಔಷಧ ಪಡೆದ ೧೦೦ ಮಂದಿಯಲ್ಲಿ ೨೬ ಮಂದಿಗೆ ಎರಡು ವರ್ಷಗಳೊಳಗೆ ಅದೇ ಪಕ್ಕದ ಧಮನಿಯಿಂದ ಪಾರ್ಶ್ವವಾಯು ತಗುಲಿತ್ತು. ಧಮನಿಯನ್ನು ತೆರೆದು ಹೂಳು ತೆಗೆಸಿಕೊಂಡವರಲ್ಲಿ ಆ ಸಂಖ್ಯೆ ೯. ಈ ಶಸ್ತ್ರಚಿಕಿತ್ಸೆಯನ್ನು ೧೯೫೩ರಲ್ಲಿ ಅಮೆರಿಕದ ಮೈಕೇಲ್ ಡಿಬೇಕಿ ಯಶಸ್ವಿಯಾಗಿ ಮಾಡಿದ್ದನು. ಕೆಲವರಿಗೆ ನಾಳದೊಳಗೆ ಜಾಲರಿಯ ಕೊಳವೆ ಇರಿಸುವುದೂ ಇಂದು ಉಂಟು. ಎಚ್ಚರಿಕೆ ಬಂದ ಎರಡು ವಾರಗಳೊಳಗೆ ಇದನ್ನು ಮಾಡಿಸಿದರೆ ಪ್ರಯೋಜನ ಹೆಚ್ಚು. ಕಾಲ ಕಳೆದಂತೆ ಪ್ರಯೋಜನವೂ ಕರಗುತ್ತದೆ. ದಾರಿ ಅಷ್ಟು ಕಿರಿದಾಗದವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ಕೊಬ್ಬನ್ನು ಇಳಿಸುವ ಮಾತ್ರೆ, ರಕ್ತದೊತ್ತಡದ ಹತೋಟಿ, ತಂಬಾಕಿನ ತ್ಯಾಗ ಇವೇ ಚಿಕಿತ್ಸೆ. ಶಸ್ತ್ರಚಿಕಿತ್ಸೆ ಆದವರಿಗೂ ಇವು ತಪ್ಪಿದ್ದಲ್ಲ.

ಎಲ್ಲರಿಗೂ ಬೇಕೆ?

ಇಷ್ಟನ್ನು ಓದಿದ ಮೇಲೆ, ಮನೆಮಂದಿಯೆಲ್ಲ ಹೋಗಿ ಕೊರಳಿನ ಪರೀಕ್ಷೆ ಮಾಡಿಸಿಕೊಂಡು ಬರೋಣವೆಂದು ಯಾರಿಗಾದರೂ ತೋರಬಹುದು. ಅದು ಸರಿಯಲ್ಲ. ಯಾವ ಲಕ್ಷಣವೂ ಇಲ್ಲದ ಸಾಮಾನ್ಯ ಜನರಿಗೆ ಈ ಪರೀಕ್ಷೆ ಮಾಡಬಾರದೆಂದು ಅಮೆರಿಕದ ರೋಗತಡೆ ತಜ್ಞರ ಸಮಿತಿ ೨೦೧೪ರಲ್ಲಿ ಹೇಳಿ, ೨೦೨೧ರಲ್ಲಿ ಅದನ್ನೇ ಪುನಃ ದೃಢಪಡಿಸಿತು. ಕಾರಣ ಇಷ್ಟೆ: ಇಂಥವರಲ್ಲಿ ನಿಜವಾಗಿ ಧಮನಿ ಬಹಳ ಕಿರಿದಾಗಿರುವವರು ತೀರ ಕೆಲವರು. ಇಲ್ಲದ ದೋಷ ಇದ್ದಂತೆ ತೋರಿ, ಬೇಡದ ಶಸ್ತ್ರಚಿಕಿತ್ಸೆಗೆ ಒಡ್ಡಿಕೊಂಡು, ಅದರಿಂದಲೇ ಪಾರ್ಶ್ವವಾಯು ತಂದುಕೊಳ್ಳುವ ಅಪಾಯವೂ ಇದೆ.

ಪರೀಕ್ಷೆಯಲ್ಲಿ ಕೊರಳು ನಿರ್ದೋಷವೆಂದು ಕಂಡರೂ ಮೈಮರೆಯುವಂತಿಲ್ಲ. ಹೃದಯದಲ್ಲಿ ಹುಟ್ಟಿದ ಹೆಪ್ಪಿನಿಂದಲೂ, ಮಿದುಳಿನೊಳಗೆ ರಕ್ತನಾಳ ಒಡೆಯುವುದರಿಂದಲೂ ಲಕ್ವ ಬರುತ್ತದೆ. ಅದೂ ಅಲ್ಲದೆ, ಪಾಶ್ಚಾತ್ಯರಿಗೆ ಹೋಲಿಸಿದರೆ ಭಾರತೀಯರಲ್ಲಿ ಕಪಾಲದ ಒಳಗಿನ ಧಮನಿಗಳೇ ಕಿರಿದಾಗುವುದು ಹೆಚ್ಚು. ಕೊರಳಿನ ಮೇಲೆ ಇರಿಸಿದ ಪ್ರೋಬಿಗೆ ಅದು ನಿಲುಕದು. ಅದಕ್ಕೆ ಬೇರೆ ಪರೀಕ್ಷೆಗಳಿವೆ.

ಹಾಗಾದರೆ ಇದು ಯಾರಿಗೆ? ಕೈ ಸೋತು ಚೇತರಿಸಿಕೊಂಡವನಿಗೆ. ಒಂದು ಕಣ್ಣು ಮಂಜಾಗಿ ತಿಳಿಯಾದವಳಿಗೆ. ಮಾತು ತೊದಲಿ ಮರಳಿದವರಿಗೆ. ಎಂದರೆ, ದೇಹ ತಾನಾಗಿ ಒಮ್ಮೆ ಕೂಗಿ ಎಚ್ಚರಿಸಿದವರಿಗೆ.

ಕಿವಿಗೊಡುವುದನ್ನು ಬಲ್ಲ ಊರು

ಕೂಗಿಗೆ ಕಿವಿಗೊಡುವ ವಿದ್ಯೆ ಚಿನ್ನದ ಗಣಿಯ ಜನಕ್ಕೆ ಹೊಸದಲ್ಲ. ಗಣಿಯೊಳಗೆ ತಲೆಯ ಮೇಲಿನ ಬಂಡೆಯನ್ನು ಕಬ್ಬಿಣದ ಸಲಾಕೆಯಿಂದ ತಟ್ಟಿ, ನಾದ ಗಟ್ಟಿಯೋ ಪೊಳ್ಳೋ ಎಂದು ನಿಶ್ಚಯಿಸುವುದು ಗಣಿಗಾರರ ಹಳೆಯ ಕ್ರಮ. ಪೊಳ್ಳು ನಾದ ಕೇಳಿದೆಡೆ ಯಾರೂ ನಿಲ್ಲುವುದಿಲ್ಲ. ಚಾಂಪಿಯನ್ ರೀಫ್ ಗಣಿ ನೆಲದಡಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಒತ್ತಡ ತಾಳಲಾರದೆ ಬಂಡೆಗಳು ಸಿಡಿದು ಎಷ್ಟೋ ಮಂದಿ ಪ್ರಾಣ ತೆತ್ತರು. ಬಂಡೆಯ ಸಣ್ಣ ಸಣ್ಣ ಬಿರುಕುಗಳ ಸದ್ದನ್ನು ಮೊದಲೇ ಹಿಡಿಯಲು ಕಂಪನಮಾಪಕಗಳ ಜಾಲವನ್ನು ಇಲ್ಲಿ ಹರಡಿದ್ದರು. ೧೯೮೮ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿದ್ದೂ ಈ ಊರಿನಲ್ಲಿಯೇ. ಬಂಡೆಯ ಮೊದಲ ಸದ್ದನ್ನು ಅಸಡ್ಡೆ ಮಾಡದೆ ಬದುಕಿದ ಜನ, ತಮ್ಮ ಮೈಯ ಮೊದಲ ಸದ್ದನ್ನು ಮಾತ್ರ ರೈಲಿನ ವೇಳೆಗೆ ಒಪ್ಪಿಸಿಬಿಡುವುದು ವಿಷಾದದ ಸಂಗತಿ.

ಇದಕ್ಕೆ ಅವರನ್ನಷ್ಟೇ ದೂಷಿಸುವಂತಿಲ್ಲ. ಗಣಿ ನಡೆಯುತ್ತಿದ್ದಾಗ ಕಾರ್ಮಿಕರಿಗೆ ಕಂಪನಿಯ ಆಸ್ಪತ್ರೆಯ ಆಸರೆಯಿತ್ತು. ಗಣಿ ಮುಚ್ಚಿದಾಗ ಆ ಆಸರೆಯೂ ತಪ್ಪಿತು. ಶ್ರವಣಾತೀತ ಶಬ್ದದ ಯಂತ್ರವನ್ನು ಮನಬಂದೆಡೆ ಹೊತ್ತೊಯ್ಯುವಂತೆಯೂ ಇಲ್ಲ. ಭ್ರೂಣದ ಲಿಂಗಪತ್ತೆಯನ್ನು ತಡೆಯುವ ೧೯೯೪ರ ಕಾನೂನಿನ ಪ್ರಕಾರ ಅದನ್ನು ಇರಿಸುವ ಪ್ರತಿಯೊಂದು ಸ್ಥಳವೂ ನೋಂದಣಿಯಾಗಬೇಕು. ಆದುದರಿಂದ ರೋಗಿಯೇ ಯಂತ್ರವಿರುವಲ್ಲಿಗೆ ಹೋಗಬೇಕಾಗುತ್ತದೆ. ಕೋಲಾರದಲ್ಲಿ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಯಿದೆ, ಟಮಕದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ರಾಜ್ಯ ಸರ್ಕಾರವೂ ಕೂಡಿ, ಮಿದುಳಿನ ರೋಗಿಗಳಿಗೆ ಜಿಲ್ಲೆಯಲ್ಲಿಯೇ ಚಿಕಿತ್ಸೆ ದೊರಕಿಸುವ ಕರ್ನಾಟಕ ಮಿದುಳು ಆರೋಗ್ಯ ಯೋಜನೆಯನ್ನು ೨೦೨೨ರಲ್ಲಿ ಆರಂಭಿಸಿದಾಗ, ಮೊದಲು ಆರಿಸಿಕೊಂಡ ಜಿಲ್ಲೆಗಳಲ್ಲಿ ಕೋಲಾರವೂ ಒಂದಾಗಿತ್ತು.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ನೆನಪಿಡಬೇಕು. ಮುಖ ಸೊಟ್ಟಗಾಗಿ, ತೋಳು ಕುಸಿದು, ಮಾತು ತೊದಲುತ್ತಿರುವಾಗ ಕೊರಳಿನ ಪರೀಕ್ಷೆಗೆಂದು ಊರೂರು ಅಲೆಯಬಾರದು. ಆಗ ಬೇಕಾದುದು ತಲೆಯ ಸಿ.ಟಿ. ಸ್ಕ್ಯಾನ್ ಇರುವ ದೊಡ್ಡ ಆಸ್ಪತ್ರೆ. ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಕಂಡ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದು. ಲಕ್ಷಣ ತಾನಾಗಿ ಮಾಯವಾದರೂ ಆ ದಿನವೇ ವೈದ್ಯರನ್ನು ಕಾಣಬೇಕು. ಕೊರಳಿನ ಪರೀಕ್ಷೆ ಯಾವಾಗ ಬೇಕೆಂಬುದನ್ನು ಅವರೇ ಹೇಳುತ್ತಾರೆ.

ಇತ್ತ ನಮ್ಮ ಹಿರಿಯ ಕುಳಿತ ರೈಲು ಊರಿಗಾಂ, ಕೋರಮಂಡಲ್ ನಿಲ್ದಾಣಗಳನ್ನು ದಾಟಿ ಬಂಗಾರಪೇಟೆಗೆ ಬಂದು ನಿಂತಿದೆ. ಇಲ್ಲಿ ಇಳಿದರೆ ಕೋಲಾರದ ಜಿಲ್ಲಾ ಆಸ್ಪತ್ರೆಗೆ ಬಸ್ಸಿನಲ್ಲಿ ಹೆಚ್ಚು ಹೊತ್ತಿನ ದಾರಿಯಲ್ಲ. ಅವನು ಕಿಟಕಿಯ ಪಕ್ಕ ಕುಳಿತು, ಬೆಳಗ್ಗೆ ಲೋಟ ಜಾರಿದ ಬಲಗೈಯ ಬೆರಳುಗಳನ್ನು ಮಡಿಸಿ ಬಿಡಿಸಿ ನೋಡಿಕೊಳ್ಳುತ್ತಿದ್ದಾನೆ. ಬೆರಳುಗಳು ಈಗ ಸರಿಯಾಗಿಯೇ ಇವೆ. ಇಳಿದರೆ ಹೋಗುವುದು ಒಂದು ದಿನದ ಸಂಬಳ. ಇಳಿಯದಿದ್ದರೆ ಹೋಗಬಹುದಾದುದನ್ನು ಲೆಕ್ಕಹಾಕಲು ಯಾವ ಯಂತ್ರವೂ ಬೇಕಾಗಿಲ್ಲ. ಗಾಡಿ ಹೊರಡಲು ಇನ್ನೂ ಕೆಲವು ನಿಮಿಷಗಳಿವೆ.